ಮೇದೋಜೀರಕದ ಉರಿಯೂತ: ಡಿಸ್ಚಾರ್ಜ್ ಆದ ಮೇಲಿನ ವರ್ಷಗಳು

ಕೇರಳದ ವೈದ್ಯ ಪಿ.ಜೆ. ಗೀವರ್ಗೀಸ್ 1968ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಮೇದೋಜೀರಕ ಗ್ರಂಥಿ ಕೆಟ್ಟು ಬರುವ ಸಕ್ಕರೆ ಕಾಯಿಲೆ ಅದರ ವಿಷಯ. ಅವರು ಕಂಡ ರೋಗಿಗಳು ಹೆಚ್ಚಾಗಿ ಬಡವರ ಮನೆಯವರು, ಮೈಯಲ್ಲಿ ಮಾಂಸವಿಲ್ಲದ ಎಳೆಯರು. ಆಟವಾಡುವ ವಯಸ್ಸಿಗೆ ಹೊಟ್ಟೆನೋವು ಶುರುವಾಗುತ್ತಿತ್ತು, ಮೀಸೆ ಮೂಡುವ ಹೊತ್ತಿಗೆ ಸಕ್ಕರೆ ಕಾಯಿಲೆ ಬರುತ್ತಿತ್ತು, ಸಂಸಾರ ಹೂಡಬೇಕಾದ ಪ್ರಾಯದಲ್ಲಿ ಸಾವು. ಎಕ್ಸ್-ರೇ ತೆಗೆದರೆ ಬೆನ್ನುಮೂಳೆಗೆ ಅಡ್ಡಲಾಗಿ ಹರಳುಗಳ ಸಾಲು ಬೆಳ್ಳಗೆ ಕಾಣುತ್ತಿತ್ತು. ದಕ್ಷಿಣ ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಈ ಮೂರು ಮೆಟ್ಟಿಲನ್ನು ಬಹುಕಾಲ ಬಾಯಿಪಾಠ ಮಾಡಿದರು.

1996ರಲ್ಲಿ ಚೆನ್ನೈನ ವಿ. ಮೋಹನ್ ಮತ್ತು ಸಂಗಡಿಗರು ಅದೇ ಬಗೆಯ ರೋಗಿಗಳ ಆಯಸ್ಸಿನ ಲೆಕ್ಕ ಹಾಕಿದರು. ಮೊದಲ ಹೊಟ್ಟೆನೋವು ಕಂಡು 35 ವರ್ಷವಾದ ಮೇಲೂ ಶೇ 80 ಮಂದಿ ಬದುಕಿದ್ದರು. ಸಕ್ಕರೆ ಕಾಯಿಲೆ ಪತ್ತೆಯಾದ ಮೇಲೆ ಬಾಳಿದ ಅವಧಿ ಸರಾಸರಿ 25 ವರ್ಷ. ತೀರಿಕೊಂಡವರಲ್ಲಿ ಅರ್ಧದಷ್ಟು ಜನರ ಜೀವ ತೆಗೆದದ್ದು ಸಕ್ಕರೆ ಕಾಯಿಲೆಯ ತೊಡಕುಗಳು, ಅದರಲ್ಲೂ ಮುಖ್ಯವಾಗಿ ಮೂತ್ರಪಿಂಡದ ಸೋಲು. ನೇರವಾಗಿ ಗ್ರಂಥಿಯ ಕಾಯಿಲೆಯಿಂದಲೇ ಹೋದವರು ನಾಲ್ಕರಲ್ಲಿ ಒಂದು ಪಾಲೂ ಇರಲಿಲ್ಲ.

ಈ ಎರಡು ಚಿತ್ರಗಳ ನಡುವಿನ ಇಪ್ಪತ್ತೆಂಟು ವರ್ಷಗಳಲ್ಲಿ ಕೆಟ್ಟ ಗ್ರಂಥಿಯನ್ನು ಮೊದಲಿನಂತೆ ಮಾಡುವ ಔಷಧಿಯೇನೂ ಬಂದಿರಲಿಲ್ಲ. ಇವತ್ತಿಗೂ ಬಂದಿಲ್ಲ. ಬಂದದ್ದು ಇನ್ಸುಲಿನ್, ಸೋಂಕಿಗೆ ಒಳ್ಳೆಯ ಮದ್ದು, ಹೊಟ್ಟೆ ತುಂಬ ಊಟ, ವರ್ಷವರ್ಷವೂ ಕರೆದು ನೋಡುವ ಕ್ಲಿನಿಕ್ಕು. ಚೆನ್ನೈನ ವಿಶೇಷ ಕ್ಲಿನಿಕ್ಕಿನವರೆಗೆ ಬರಲು ಸಾಧ್ಯವಾದವರ ಲೆಕ್ಕ ಇದು, ಊರಲ್ಲೇ ಉಳಿದವರದ್ದಲ್ಲ ಎಂಬುದನ್ನೂ ನೆನಪಿಡಬೇಕು. ಅಷ್ಟಾದರೂ ಅದು ಹೇಳುವ ಮಾತು ಗಟ್ಟಿಯಾಗಿದೆ. ಪ್ಯಾಂಕ್ರಿಯಾಟೈಟಿಸ್, ಎಂದರೆ ಮೇದೋಜೀರಕದ ಉರಿಯೂತ, ಆದವರ ಮುಂದಿನ ಬದುಕನ್ನು ಗ್ರಂಥಿ ಎಷ್ಟು ಹಾಳಾಗಿದೆ ಎಂಬುದು ಎಷ್ಟು ನಿರ್ಧರಿಸುತ್ತದೋ, ಮನೆಗೆ ಹೋದ ಮೇಲೆ ಯಾರು ಏನನ್ನು ಗಮನಿಸಿದರು ಎಂಬುದೂ ಅಷ್ಟೇ ನಿರ್ಧರಿಸುತ್ತದೆ. ಎರಡನೆಯದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ.

ಮೊದಲ ಸಲ ಬಂದಾಗ

ಜಠರದ ಹಿಂದೆ ಅಡ್ಡ ಮಲಗಿರುವ, ಗೇಣುದ್ದವೂ ಇಲ್ಲದ ಈ ಗ್ರಂಥಿಗೆ ಎರಡು ಕೆಲಸ. ಅನ್ನ, ಬೇಳೆ, ಎಣ್ಣೆಯನ್ನು ಅರಗಿಸುವ ಕಿಣ್ವಗಳನ್ನು ಕರುಳಿಗೆ ಕಳಿಸುವುದು ಒಂದು, ಇನ್ಸುಲಿನ್ ಮತ್ತು ಗ್ಲುಕಗಾನ್‌ಗಳನ್ನು ರಕ್ತಕ್ಕೆ ಬಿಡುವುದು ಇನ್ನೊಂದು. ಕಿಣ್ವಗಳು ಗ್ರಂಥಿಯಿಂದ ಹೊರಡುವಾಗ ನಿದ್ದೆಯಲ್ಲಿರುತ್ತವೆ, ಕರುಳು ಸೇರಿದ ಮೇಲೆ ಎಚ್ಚರಗೊಳ್ಳುತ್ತವೆ. ಪಿತ್ತಕೋಶದಿಂದ ಜಾರಿದ ಕಲ್ಲು ದಾರಿ ಕಟ್ಟಿದಾಗ, ಮದ್ಯ ಕೋಶಗಳನ್ನು ಕೆಣಕಿದಾಗ, ರಕ್ತದಲ್ಲಿ ಟ್ರೈಗ್ಲಿಸರೈಡ್ ಕೊಬ್ಬು 1000 ಮಿಲಿಗ್ರಾಂ ದಾಟಿದಾಗ ಅವು ಗ್ರಂಥಿಯೊಳಗೇ ಎಚ್ಚರಗೊಳ್ಳಬಹುದು. ಗ್ರಂಥಿ ತನ್ನನ್ನು ತಾನೇ ಅರಗಿಸಿಕೊಳ್ಳುತ್ತದೆ ಎಂದು ಹಾನ್ಸ್ ಕಿಯಾರಿ 1896ರಲ್ಲೇ ಹೇಳಿದ್ದ. ಮೇಲುಹೊಟ್ಟೆಯಲ್ಲಿ ಎದ್ದು ಬೆನ್ನಿಗೆ ತೂರುವ, ಮಲಗಿದರೆ ಹೆಚ್ಚುವ, ಮುಂದಕ್ಕೆ ಬಗ್ಗಿ ಕೂತರೆ ತುಸು ತಗ್ಗುವ ನೋವು ಇದರ ಗುರುತು. ನಮ್ಮ ಕಡೆ ಅದು ಮೊದಲ ಒಂದೆರಡು ದಿನ ‘ಗ್ಯಾಸ್ಟ್ರಿಕ್’ ಹೆಸರಿನಲ್ಲಿ ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ಕಳೆದುಹೋಗುವುದುಂಟು.

ಹೀಗೆ ದಿಢೀರನೆ ಬರುವ ಉರಿಯೂತದಲ್ಲಿ ಸುಮಾರು ಶೇ 80 ಮಂದಿಯದು ಸೌಮ್ಯ ರೂಪ. ಡ್ರಿಪ್ಪು, ನೋವಿನ ಮದ್ದು, ಆದಷ್ಟು ಬೇಗ ಬಾಯಿಂದ ಊಟ, ವಾರದೊಳಗೆ ಮನೆ. ಉಳಿದವರಲ್ಲಿ ಶ್ವಾಸಕೋಶ, ಮೂತ್ರಪಿಂಡ, ರಕ್ತದೊತ್ತಡ ಕೈಕೊಟ್ಟು 48 ಗಂಟೆಯಾದರೂ ಸುಧಾರಿಸದಿದ್ದರೆ ಅದನ್ನು ತೀವ್ರ ಎಂದು ಕರೆಯಬೇಕೆಂದು 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣ ಹೇಳುತ್ತದೆ. ಎಲ್ಲರನ್ನೂ ಸೇರಿಸಿದರೆ ಸಾವು ನೂರಕ್ಕೆ ಎರಡರಿಂದ ಐದು. ಗ್ರಂಥಿಯ ಭಾಗ ಸತ್ತು, ಅದಕ್ಕೆ ಸೋಂಕು ತಗಲಿ, ಅಂಗಗಳೂ ಸೋತವರಲ್ಲಿ ಅದು ಮೂರರಲ್ಲಿ ಒಬ್ಬರನ್ನು ಮುಟ್ಟಬಹುದು. ಮನೆಯವರು ಐಸಿಯು ಬಾಗಿಲಲ್ಲಿ ಕೇಳುವ ಪ್ರಶ್ನೆಗೆ ಮೊದಲೆರಡು ದಿನ ಖಚಿತ ಉತ್ತರ ಸಿಗದಿರುವುದು ವೈದ್ಯರ ಜಾಣತನದಿಂದಲ್ಲ, ಉತ್ತರ ತಯಾರಾಗಲು ಅಷ್ಟು ಹೊತ್ತು ಬೇಕು.

ಈ ತೀವ್ರ ಗುಂಪಿನ ಹಣೆಬರಹವನ್ನು ಕಳೆದ ಎರಡು ದಶಕಗಳಲ್ಲಿ ಬದಲಿಸಿದ್ದು ಒಂದು ರೀತಿಯ ತಾಳ್ಮೆ. ಮೊದಲು ಸತ್ತ ಭಾಗಕ್ಕೆ ಸೋಂಕಾಯಿತೆಂದರೆ ಹೊಟ್ಟೆ ಸೀಳಿ ಕೆರೆದು ತೆಗೆಯುತ್ತಿದ್ದರು. 2010ರಲ್ಲಿ ಡಚ್ ವೈದ್ಯರು ಬೇರೆ ದಾರಿ ತೋರಿಸಿದರು. ಮೊದಲು ಚರ್ಮದ ಮೂಲಕವೋ ಎಂಡೋಸ್ಕೋಪಿಯಿಂದಲೋ ನಳಿಕೆ ಇಟ್ಟು ಕೀವು ಬಸಿಯುವುದು, ಅದು ಸಾಲದಿದ್ದರೆ ಮಾತ್ರ ಚಿಕ್ಕ ರಂಧ್ರದ ಶಸ್ತ್ರಕ್ರಿಯೆ. ಗಂಭೀರ ತೊಡಕು ಅಥವಾ ಸಾವು ಶೇ 69ರಿಂದ 40ಕ್ಕೆ ಇಳಿಯಿತು. ಮೂರರಲ್ಲಿ ಒಬ್ಬರಿಗೆ ನಳಿಕೆಯೇ ಸಾಕಾಯಿತು. ಬದುಕಿದವರಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರು ಹಳೆಯ ವಿಧಾನದಲ್ಲಿ ಶೇ 38, ಹೊಸದರಲ್ಲಿ ಶೇ 16. ಕತ್ತರಿ ಎಷ್ಟು ಕಡಿಮೆ ಆಡಿತೋ ಅಷ್ಟು ಗ್ರಂಥಿ ಉಳಿಯಿತು. ಸಾವಿನ ಪ್ರಮಾಣ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಡ್ರಿಪ್ಪಿನ ವಿಷಯದಲ್ಲೂ ಇದೇ ಪಾಠ. ಮೊದಲ ದಿನವೇ ನೀರನ್ನು ಧಾರಾಳವಾಗಿ ಹರಿಸಬೇಕೆಂದು ಬಹುಕಾಲ ನಂಬಿದ್ದರು. ಭಾರತ, ಸ್ಪೇನ್, ಇಟಲಿ, ಮೆಕ್ಸಿಕೊಗಳ ಆಸ್ಪತ್ರೆಗಳು ಸೇರಿ ನಡೆಸಿದ, 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹಾಗೆ ಹರಿಸಿದವರಲ್ಲಿ ಶೇ 20ಕ್ಕೂ ಹೆಚ್ಚು ಮಂದಿಗೆ ಮೈಯಲ್ಲಿ ನೀರು ಹೆಚ್ಚಾಗಿ ತೊಂದರೆಯಾಯಿತು. ಹಿತಮಿತವಾಗಿ ಕೊಟ್ಟವರಲ್ಲಿ ಅದು ಶೇ 6ರಷ್ಟು. ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಮತ್ತೆ ಬರುತ್ತದೆಯೇ?

ಮೊದಲ ಸಲ ಆದವರಲ್ಲಿ ಐದರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ, ಸುಮಾರು ಹತ್ತರಲ್ಲಿ ಒಬ್ಬರಿಗೆ ಮುಂದೆ ದೀರ್ಘಕಾಲಿಕ ಕಾಯಿಲೆಯಾಗುತ್ತದೆ. ಪದೇ ಪದೇ ಬಂದವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಅಲ್ಲಿಗೆ ತಲುಪುತ್ತಾರೆ. ಈ ಸರಾಸರಿಗಳು ಒಬ್ಬ ರೋಗಿಗೆ ಹೆಚ್ಚೇನೂ ಹೇಳುವುದಿಲ್ಲ. ಕಾರಣ ಯಾವುದು, ಅದನ್ನು ತೆಗೆದರೇ ಎಂಬುದು ಹೇಳುತ್ತದೆ.

ಪಿತ್ತಗಲ್ಲಿನದು ಇದ್ದುದರಲ್ಲಿ ಸುಲಭ. ಪಿತ್ತಕೋಶ ತೆಗೆದರೆ ಕಾರಣವೇ ಹೋಯಿತು. ಯಾವಾಗ ತೆಗೆಯಬೇಕು ಎಂಬುದಷ್ಟೇ ಚರ್ಚೆಯಾಗಿತ್ತು. 2015ರಲ್ಲಿ ಪ್ರಕಟವಾದ ಇನ್ನೊಂದು ಡಚ್ ಪರೀಕ್ಷೆ ಅದನ್ನು ಮುಗಿಸಿತು. ಸೌಮ್ಯ ಉರಿಯೂತ ಕಳೆದ ಮೇಲೆ ಅದೇ ದಾಖಲಾತಿಯಲ್ಲೇ ಪಿತ್ತಕೋಶ ತೆಗೆದವರಲ್ಲಿ ಕಲ್ಲಿನ ತೊಂದರೆಯಿಂದ ಮತ್ತೆ ಆಸ್ಪತ್ರೆ ಸೇರಿದವರು ಶೇ 5, ‘ಒಂದು ತಿಂಗಳು ಬಿಟ್ಟು ಬನ್ನಿ’ ಎಂದು ಕಳಿಸಿದವರಲ್ಲಿ ಶೇ 17. ನಮ್ಮಲ್ಲಿ ‘ಬಿಟ್ಟು ಬನ್ನಿ’ ಎಂದರೆ ಒಂದು ತಿಂಗಳಲ್ಲ. ನಾಟಿ ಮುಗಿಯಬೇಕು, ಮಗಳ ಮದುವೆ ಆಗಬೇಕು, ನೋವೂ ಇಲ್ಲವಲ್ಲ ಎಂಬ ಸಮಾಧಾನ ಬೇರೆ. ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಸಾಲಿನಲ್ಲಿರುವ ಆ ಸಲಹೆಯನ್ನು ಮನೆಯವರಿಗೆ ಯಾರಾದರೂ ಬಿಡಿಸಿ ಹೇಳದಿದ್ದರೆ, ಎರಡನೇ ಸಲ ಬಂದಾಗ ಅದು ಸೌಮ್ಯವಾಗಿಯೇ ಇರುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಟ್ರೈಗ್ಲಿಸರೈಡ್‌ನಿಂದ ಆದವರದ್ದೂ ಹೀಗೇ: ಮಾತ್ರೆ, ಪಥ್ಯ, ಸಕ್ಕರೆಯ ಹತೋಟಿ ಇದ್ದಷ್ಟು ಕಾಲ ಕ್ಷೇಮ.

ಕುಡಿತದ್ದು ಕಷ್ಟದ ದಾರಿ. ಒಂದು ಸಲ ಸಾವಿನ ಬಾಗಿಲು ಕಂಡವನು ತಾನಾಗಿ ಬಿಡುತ್ತಾನೆ ಎಂದು ಎಲ್ಲರೂ ಭಾವಿಸುತ್ತಾರೆ. ಕೆಲವರು ಬಿಡುತ್ತಾರೆ ಕೂಡ. ಫಿನ್ಲೆಂಡಿನ ಟಾಂಪೆರೆಯಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದರು. ಮದ್ಯದಿಂದ ಉರಿಯೂತವಾದ ನೂರಿಪ್ಪತ್ತು ಮಂದಿಯಲ್ಲಿ ಒಂದು ಗುಂಪಿಗೆ ಆಸ್ಪತ್ರೆಯಲ್ಲಿದ್ದಾಗ ಒಮ್ಮೆ ತಿಳಿಹೇಳಿದರು. ಇನ್ನೊಂದು ಗುಂಪಿನವರನ್ನು ಆರಾರು ತಿಂಗಳಿಗೊಮ್ಮೆ ಕರೆದು ಕೂರಿಸಿ ಮಾತಾಡಿದರು. ಎರಡು ವರ್ಷದಲ್ಲಿ ಮೊದಲ ಗುಂಪಿನ ಶೇ 21 ಮಂದಿಗೆ ಕಾಯಿಲೆ ಮರುಕಳಿಸಿತು, ಎರಡನೆಯದರಲ್ಲಿ ಶೇ 8. ಹೊಸ ಯಂತ್ರವಿಲ್ಲ, ಔಷಧಿಯಿಲ್ಲ. ಆಗಾಗ ಕರೆದು ಆಡಿದ ಮಾತು ಒಂದು ಶಸ್ತ್ರಕ್ರಿಯೆಯಷ್ಟು ಕೆಲಸ ಮಾಡಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರವಿದೆ. ಆದರೆ ಹೊಟ್ಟೆಯ ವಾರ್ಡಿನಿಂದ ಆ ಕೇಂದ್ರಕ್ಕೆ ಹೋಗುವ ದಾರಿಯನ್ನು ರೋಗಿಯ ಚೀಟಿಯಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಅಗ್ಗದ ವಿಸ್ಕಿಯ ಕ್ವಾರ್ಟರ್ ಅದರ ಜಾಗಕ್ಕೆ ಬಂತು. ಗ್ರಂಥಿಗೆ ಲೇಬಲ್ಲು ಓದಲು ಬರುವುದಿಲ್ಲ. ‘ಇನ್ನು ಬಿಯರ್ ಮಾತ್ರ’ ಎಂಬ ರಾಜಿಯೂ ಅದಕ್ಕೆ ಅರ್ಥವಾಗುವುದಿಲ್ಲ.

ಇದಕ್ಕಿಂತ ಹೆಚ್ಚು ಕಣ್ತಪ್ಪುವುದು ಬೀಡಿ-ಸಿಗರೇಟು. ಕೋಪನ್‌ಹೇಗನ್ನಿನ ಆಸ್ಪತ್ರೆಗಳಲ್ಲಿ 1977ರಿಂದ 1982ರ ನಡುವೆ ದಾಖಲಾದವರನ್ನು 2008ರವರೆಗೆ, ಎಂದರೆ ಹತ್ತಿರಹತ್ತಿರ ಮೂವತ್ತು ವರ್ಷ, ಹಿಂಬಾಲಿಸಿದ ಅಧ್ಯಯನವಿದೆ. ದಿಢೀರ್ ಉರಿಯೂತದಿಂದ ಶುರುವಾದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಅದು ದೀರ್ಘಕಾಲಿಕವಾಯಿತು. ಹಾಗಾದವರ ಸಾವಿನ ಪ್ರಮಾಣ ಆಗದವರಿಗಿಂತ 2.7 ಪಟ್ಟು. ಆ ದಾರಿಗೆ ತಳ್ಳಿದ ಅತಿ ಬಲವಾದ ಕಾರಣ ಧೂಮಪಾನ. ಕುಡಿತ ಬಿಟ್ಟ ಬಳಿಕ ಬೇಜಾರು ಕಳೆಯಲು ಬೀಡಿ ಹೆಚ್ಚು ಸೇದುವವರನ್ನು ನಾವೆಲ್ಲ ಕಂಡಿದ್ದೇವೆ. ‘ಅದೊಂದಾದರೂ ಇರಲಿ ಬಿಡಿ’ ಎಂದು ಮನೆಯವರೇ ಹೇಳುವುದೂ ಉಂಟು. ಬಿಡಬಾರದು.

ಗೆಣಸಿನಿಂದ ಜೀನಿನವರೆಗೆ

ದೀರ್ಘಕಾಲಿಕ ಉರಿಯೂತವೆಂದರೆ ಗ್ರಂಥಿ ನಿಧಾನವಾಗಿ ನಾರಾಗುತ್ತ, ಕೊಳವೆಯಲ್ಲಿ ಸುಣ್ಣದ ಹರಳು ಕಟ್ಟುತ್ತ ಹೋಗುವ ಸ್ಥಿತಿ. ಪಶ್ಚಿಮದ ದೇಶಗಳಲ್ಲಿ ಇದು ಬಹುಪಾಲು ಕುಡುಕರ ಕಾಯಿಲೆ ಎಂದೇ ದಾಖಲಾಯಿತು. ಅಲ್ಲಿಯ ಹಲವು ದೇಶಗಳ ರೋಗಿಗಳನ್ನು ಒಟ್ಟುಗೂಡಿಸಿ 1994ರಲ್ಲಿ ಲೋವೆನ್‌ಫೆಲ್ಸ್ ತಂಡ ಕೊಟ್ಟ ಲೆಕ್ಕದಲ್ಲಿ ಹತ್ತು ವರ್ಷದ ಬಳಿಕ ಬದುಕಿದ್ದವರು ಶೇ 70, ಇಪ್ಪತ್ತು ವರ್ಷದ ಬಳಿಕ ಶೇ 45. ಇದನ್ನು ಚೆನ್ನೈನ ಶೇ 80ರ ಪಕ್ಕ ಇಟ್ಟರೆ ನಮ್ಮವರೇ ಮೇಲು ಎನ್ನಿಸಬಹುದು. ಅದು ಅವಸರದ ತೀರ್ಮಾನ. ಅಲ್ಲಿ ಲೆಕ್ಕ ಶುರುವಾದದ್ದು ನಡುವಯಸ್ಸಿನಲ್ಲಿ, ಸೇದಿ ಕುಡಿದು ಯಕೃತ್ತು, ಹೃದಯ, ಶ್ವಾಸಕೋಶಗಳೂ ಸವೆದವರಿಂದ. ಇಲ್ಲಿ ಶುರುವಾದದ್ದು ಹುಡುಗರಿಂದ. ಎರಡೂ ಅಂಕಿಗಳು ಒಂದೇ ಹೆಸರಿನ ಎರಡು ಕಾಯಿಲೆಗಳವು ಎಂದರೂ ನಡೆದೀತು.

ಕುಡಿಯದ, ಕಲ್ಲೂ ಇಲ್ಲದ ನಮ್ಮ ಎಳೆಯರಿಗೆ ಇದು ಏಕೆ ಬರುತ್ತದೆ? 1959ರಲ್ಲಿ ಜೂಡೆಮಾ ಎಂಬ ವೈದ್ಯ ಇಂಡೋನೇಷ್ಯಾದಲ್ಲಿ ಇಂಥದ್ದೇ ರೋಗಿಗಳನ್ನು ವರ್ಣಿಸಿದ್ದ. ಅಲ್ಲಿಯ ಬಡವರೂ ಕೇರಳದ ಬಡವರೂ ತಿನ್ನುತ್ತಿದ್ದುದು ಮರಗೆಣಸು. ಮರಗೆಣಸಿನಲ್ಲಿ ಸಯನೈಡ್ ಬಿಡುವ ಅಂಶವಿದೆ, ಸಸಾರಜನಕದ ಆಹಾರ ಕಡಿಮೆಯಾದವರಲ್ಲಿ ಅದು ಗ್ರಂಥಿಯನ್ನು ಕೆಡಿಸುತ್ತದೆ ಎಂಬ ವಾದ ಹುಟ್ಟಿತು. ಕೇಳಲು ಚೆನ್ನಾಗಿತ್ತು. ಆದರೆ ಮರಗೆಣಸನ್ನೇ ಮುಟ್ಟದ ಕಡೆಗಳಲ್ಲೂ ಕಾಯಿಲೆ ಸಿಕ್ಕಿತು, ಮರಗೆಣಸನ್ನೇ ತಿಂದು ಬದುಕುವ ಆಫ್ರಿಕಾದ ಹಲವೆಡೆ ಅಷ್ಟಾಗಿ ಸಿಗಲಿಲ್ಲ. 2000ದ ಹೊತ್ತಿಗೆ ದೃಷ್ಟಿ ವಂಶವಾಹಿಯ ಕಡೆ ತಿರುಗಿತು. ಗ್ರಂಥಿಯೊಳಗೆ ಅಕಾಲದಲ್ಲಿ ಎಚ್ಚರಗೊಂಡ ಕಿಣ್ವವನ್ನು ತಡೆಹಿಡಿಯುವ ಸ್ಪಿಂಕ್1 ಎಂಬ ಜೀನಿನ ಒಂದು ಬದಲಾವಣೆ ಭಾರತದ ಇಂಥ ರೋಗಿಗಳಲ್ಲಿ ಶೇ 40ಕ್ಕೂ ಹೆಚ್ಚು ಮಂದಿಯಲ್ಲಿದೆ ಎಂದು ಹೈದರಾಬಾದಿನ ವಿಜ್ಞಾನಿಗಳೂ ಸೇರಿ ಕೆಲವು ತಂಡಗಳು ತೋರಿಸಿದವು. ಆರೋಗ್ಯವಂತರಲ್ಲಿ ಅದು ಶೇ 2ರ ಆಸುಪಾಸು. ಹಾಗೆಂದು ಜೀನು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಬಹುಪಾಲು ಜನಕ್ಕೆ ಬರುವುದೇ ಇಲ್ಲ. ರೋಗಿಯ ತಮ್ಮ-ತಂಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿಸಬೇಕಾಗಿಲ್ಲ.

ಕಾಯಿಲೆಯ ಮುಖವೂ ಬದಲಾಗಿದೆ. ಕೊಚ್ಚಿಯ ಬಾಲಕೃಷ್ಣನ್ ಮುಂದಾಳತ್ವದಲ್ಲಿ ದೇಶದ ಹಲವು ಕೇಂದ್ರಗಳ 1086 ರೋಗಿಗಳನ್ನು ನೋಡಿ 2008ರಲ್ಲಿ ಬಂದ ವರದಿಯಲ್ಲಿ ಗೀವರ್ಗೀಸ್ ಕಂಡ ಪಕ್ಕಾ ಚಿತ್ರ ಉಳಿದಿದ್ದು ಶೇ 4ಕ್ಕಿಂತ ಕಡಿಮೆ ಮಂದಿಯಲ್ಲಿ. ಕುಡಿತದಿಂದ ಆದದ್ದು ಶೇ 39ರಷ್ಟು. ಶೇ 60ರಷ್ಟು ಮಂದಿಗೆ ಸ್ಪಷ್ಟ ಕಾರಣವೇ ಸಿಗಲಿಲ್ಲ. ಈ ಕೊನೆಯ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಗೋಡೆಗೆ ಹಚ್ಚಬೇಕು. ಪ್ಯಾಂಕ್ರಿಯಾಟೈಟಿಸ್ ಎಂದಾಕ್ಷಣ ‘ಕುಡೀತಿದ್ನಾ?’ ಎಂದು ಕೇಳುವ ನೆಂಟರು ನಮ್ಮಲ್ಲಿ ಕಡಿಮೆಯಿಲ್ಲ. ಒಂದು ತೊಟ್ಟೂ ಮುಟ್ಟದ ಹುಡುಗಿಯ ಮದುವೆ ಮಾತುಕತೆಯಲ್ಲೂ ಆ ಅನುಮಾನ ಹಣಕುತ್ತದೆ. ಕುಡಿದೇ ಬಂದವನಿಗಾದರೂ ಆ ಪ್ರಶ್ನೆಯಿಂದ ಮದ್ದು ಸಿಕ್ಕಂತಾಗುವುದಿಲ್ಲ.

ನೋವು

ವರ್ಷಗಟ್ಟಲೆ ಈ ಕಾಯಿಲೆಯೊಂದಿಗೆ ಬಾಳುವವರನ್ನು ಹೆಚ್ಚು ಕಾಡುವುದು ಸಾವಿನ ಭಯವಲ್ಲ, ನೋವು. ಊಟ ಮಾಡಿದರೆ ಬರುತ್ತದೆಂದು ಊಟ ಬಿಡುತ್ತಾರೆ, ಕೆಲಸಕ್ಕೆ ರಜೆ ಹೆಚ್ಚಾಗುತ್ತದೆ, ಕೊನೆಗೆ ಟ್ರಮಡಾಲ್ ಮಾತ್ರೆ ಕಿಸೆಯಲ್ಲೇ ಇರುತ್ತದೆ. ಝೂರಿಕ್‌ನ ಅಮ್ಮಾನ್ 1984ರಲ್ಲಿ ಒಂದು ಆಶಾದಾಯಕ ಮಾತು ಹೇಳಿದ: ಗ್ರಂಥಿ ಪೂರ್ತಿ ಸುಟ್ಟುಹೋದ ಮೇಲೆ ನೋವೂ ತಣ್ಣಗಾಗುತ್ತದೆ. ಅವನ ರೋಗಿಗಳಲ್ಲಿ ಶೇ 85 ಮಂದಿಗೆ ನಾಲ್ಕೈದು ವರ್ಷಗಳಲ್ಲಿ ಹಾಗಾಗಿತ್ತು. ಸ್ವಲ್ಪ ತಡೆದುಕೊಳ್ಳಿ, ತಾನಾಗಿ ಹೋಗುತ್ತದೆ ಎನ್ನಲು ವೈದ್ಯರಿಗೆ ಇದೊಂದು ಆಧಾರವಾಯಿತು. ಆಮೇಲಿನ ಅಧ್ಯಯನಗಳು ಅದನ್ನು ಪೂರ್ತಿ ಒಪ್ಪಲಿಲ್ಲ. ಹಲವರಲ್ಲಿ ಕಿಣ್ವ ನಿಂತರೂ ನೋವು ನಿಲ್ಲುವುದಿಲ್ಲ. ವರ್ಷಗಳ ಕಾಲ ನೋವಿನ ಸುದ್ದಿ ಹೊತ್ತ ನರಗಳು, ಮಿದುಳು-ಬೆನ್ನುಹುರಿಗಳು ತಾವೇ ಹದಗೆಟ್ಟು, ಗ್ರಂಥಿ ಸುಮ್ಮನಿದ್ದರೂ ನೋವು ನುಡಿಯುತ್ತವೆ. ತಡೆದುಕೊಳ್ಳಿ ಎಂಬ ಸಲಹೆಯೇ ನೋವನ್ನು ಬೇರೂರಿಸುತ್ತದೆ ಎಂಬುದು ಈಗಿನ ಅನುಮಾನ.

ಹಾಗಾದರೆ ಬೇಗ ಕೈಹಾಕಬೇಕೇ? ಆಮ್‌ಸ್ಟರ್‌ಡ್ಯಾಮಿನಲ್ಲಿ ಕೊಳವೆ ಕಟ್ಟಿಕೊಂಡವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂಡೋಸ್ಕೋಪಿ, ಇನ್ನೊಂದಕ್ಕೆ ಕೊಳವೆಯನ್ನು ಉದ್ದಕ್ಕೂ ತೆರೆದು ಕರುಳಿಗೆ ಹೊಲಿಯುವ ಶಸ್ತ್ರಕ್ರಿಯೆ ಮಾಡಿದರು. ಎರಡು ವರ್ಷದ ಬಳಿಕ ನೋವು ಇಳಿದಿದ್ದು ಮೊದಲ ಗುಂಪಿನಲ್ಲಿ ಶೇ 32, ಎರಡನೆಯದರಲ್ಲಿ ಶೇ 75. ಇದು 2007ರ ಮಾತು. 2020ರಲ್ಲಿ ಬಂದ ಇನ್ನೊಂದು ಡಚ್ ಪರೀಕ್ಷೆಯಲ್ಲೂ ಮಾತ್ರೆ, ಎಂಡೋಸ್ಕೋಪಿ ಎಂದು ಮೆಟ್ಟಿಲು ಹತ್ತಿಸಿ ಕೊನೆಗೆ ಶಸ್ತ್ರಕ್ರಿಯೆಗೆ ಬಂದವರಿಗಿಂತ ಮೊದಲೇ ಮಾಡಿಸಿಕೊಂಡವರಿಗೆ ನೋವು ಕಡಿಮೆಯಿತ್ತು. ಅಂತರ ಮಾತ್ರ ಅಷ್ಟೇನೂ ದೊಡ್ಡದಲ್ಲ.

ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಗೆ ಕರ್ನಾಟಕದ ಉತ್ತರ ಜಿಲ್ಲೆಗಳಿಂದಲೂ ರೋಗಿಗಳು ಹೋಗುತ್ತಾರೆ. ಹೊರಗಿನಿಂದ ಆಘಾತ ತರಂಗ ಹಾಯಿಸಿ ಗ್ರಂಥಿಯ ಕಲ್ಲು ಪುಡಿಮಾಡುವುದರಲ್ಲಿ ಅವರ ಅನುಭವ ಸಾವಿರಕ್ಕೂ ಹೆಚ್ಚು ರೋಗಿಗಳದ್ದು. ಅವರೇ 2013ರಲ್ಲಿ ಕೊಟ್ಟ ಲೆಕ್ಕದಲ್ಲಿ ಐದು ವರ್ಷಕ್ಕೂ ಮಿಕ್ಕಿ ಹಿಂಬಾಲಿಸಿದವರಲ್ಲಿ ಶೇ 60 ಮಂದಿ ನೋವಿಲ್ಲದೆ ಇದ್ದರು. ಇದನ್ನು ಓದಿದ ಯಾರಿಗಾದರೂ ತೃಪ್ತಿಯಾಗುತ್ತಿತ್ತು. ಅದೇ ಸಂಸ್ಥೆಯವರು ತೃಪ್ತರಾಗಲಿಲ್ಲ. ನೂರಕ್ಕೂ ತುಸು ಹೆಚ್ಚು ರೋಗಿಗಳನ್ನು ಆರಿಸಿ, ಅರ್ಧ ಮಂದಿಗೆ ನಿಜ ಚಿಕಿತ್ಸೆ, ಇನ್ನರ್ಧ ಮಂದಿಗೆ ಹುಸಿ ಚಿಕಿತ್ಸೆ ಕೊಟ್ಟು, ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೆ ತಿಳಿಯದಂತೆ ನಡೆಸಿದರು. 2024ರಲ್ಲಿ ಫಲಿತಾಂಶ ಬಂತು. ಹನ್ನೆರಡು ವಾರಕ್ಕೆ ನಿಜ ಚಿಕಿತ್ಸೆಯವರಲ್ಲಿ ನೋವು ತುಸು ಕಡಿಮೆ, ಇಪ್ಪತ್ನಾಲ್ಕು ವಾರಕ್ಕೆ ಆ ವ್ಯತ್ಯಾಸವೂ ಇರಲಿಲ್ಲ. ತಾನು ದಿನವೂ ಮಾಡುವ ಚಿಕಿತ್ಸೆಯನ್ನೇ ಇಷ್ಟು ನಿಷ್ಠುರವಾಗಿ ಪರೀಕ್ಷೆಗೊಡ್ಡಿದ ಉದಾಹರಣೆ ನಮ್ಮ ದೇಶದಲ್ಲಿ ಹೆಚ್ಚು ಸಿಗಲಿಕ್ಕಿಲ್ಲ. ಕಲ್ಲು ಒಡೆಯುವುದೇ ವ್ಯರ್ಥ ಎಂದು ಇದರಿಂದ ತೀರ್ಮಾನಿಸಲಾಗದು, ಕೊಳವೆ ಕಟ್ಟಿ ಉಬ್ಬಿದವರಿಗೆ ಅದು ಇಂದಿಗೂ ಒಂದು ದಾರಿಯೇ. ಆದರೆ ಸ್ಕ್ಯಾನಿನಲ್ಲಿ ಕಲ್ಲು ಕಂಡದ್ದಕ್ಕೇ ನೋವೆಲ್ಲ ಅದರಿಂದಲೇ ಎಂದು ನಂಬಿ ದೊಡ್ಡ ಬಿಲ್ಲು ಕಟ್ಟುವ ಮುನ್ನ ಎರಡು ಸಲ ಕೇಳಬೇಕು.

ದೆಹಲಿಯ ಏಮ್ಸ್‌ನ ಇನ್ನೊಂದು ಪ್ರಯೋಗ ಅಗ್ಗದ್ದು. ಸೆಲೆನಿಯಂ, ಸಿ ಮತ್ತು ಇ ಜೀವಸತ್ವ, ಬೀಟಾ ಕ್ಯಾರೋಟೀನ್, ಮೆಥಿಯೊನಿನ್ ಸೇರಿದ ಮಾತ್ರೆಯನ್ನು ಆರು ತಿಂಗಳು ಕೊಟ್ಟಾಗ ನೋವು ಪೂರ್ತಿ ನಿಂತವರು ಶೇ 32, ಹುಸಿ ಮಾತ್ರೆಯವರಲ್ಲಿ ಶೇ 13. 2009ರ ಈ ಫಲಿತಾಂಶ 2012ರಲ್ಲಿ ಬ್ರಿಟನ್ನಿನಲ್ಲಿ ಮರುಕಳಿಸಲಿಲ್ಲ. ಅಲ್ಲಿಯ ರೋಗಿಗಳು ವಯಸ್ಸಾದವರು, ಹೆಚ್ಚಿನವರು ಕುಡಿತ-ಧೂಮಪಾನದವರು. ನಮ್ಮ ಎಳೆಯ ರೋಗಿಗಳಿಗೆ ಪ್ರಯತ್ನಿಸಿ ನೋಡಬಹುದಾದದ್ದು ಎಂದೇ ಇಲ್ಲಿಯ ಹಲವು ವೈದ್ಯರು ಬರೆಯುತ್ತಾರೆ. ನನಗೂ ಅದು ಸರಿಯೆನ್ನಿಸುತ್ತದೆ. ಕಳೆದುಕೊಳ್ಳುವುದು ಕಡಿಮೆ.

ಸದ್ದಿಲ್ಲದೆ ಸೋರುವುದು

ನೋವು ಕೂಗಿ ಕರೆಯುತ್ತದೆ. ಅರಗದಿರುವುದು ಕೂಗುವುದಿಲ್ಲ. ಗ್ರಂಥಿಯ ಬಹುಪಾಲು ಹೋದ ಮೇಲೆಯೇ ಕೊಬ್ಬು ಅರಗದೆ ಮಲದಲ್ಲಿ ಹೋಗಲು ತೊಡಗುತ್ತದೆ. ಮಲ ಎಣ್ಣೆಯೆಣ್ಣೆ, ಕೆಟ್ಟ ವಾಸನೆ, ನೀರು ಹಾಕಿದರೂ ಹೋಗದೆ ತೇಲುತ್ತದೆ. ನಾಚಿಕೆಯಿಂದ ರೋಗಿ ಹೇಳುವುದಿಲ್ಲ, ಹೊತ್ತಿಲ್ಲದೆ ವೈದ್ಯರು ಕೇಳುವುದಿಲ್ಲ. ತೂಕ ಇಳಿಯುತ್ತದೆ. ಇದರ ಮೇಲೆ ‘ಎಣ್ಣೆ-ತುಪ್ಪ-ಕಾಯಿ ಮುಟ್ಟಬೇಡಿ’ ಎಂಬ ಪಥ್ಯ. ಗಂಜಿ, ಮಜ್ಜಿಗೆಯಲ್ಲಿ ವರ್ಷಗಳನ್ನು ತೆಗೆದು ಎಲುಬಿಗೆ ಬಂದವರಿದ್ದಾರೆ. ಈಗಿನ ಸಲಹೆ ಬೇರೆ: ಕೊಬ್ಬನ್ನು ವಿನಾಕಾರಣ ಬಿಡಬೇಡಿ, ಅದನ್ನು ಅರಗಿಸುವ ಕಿಣ್ವದ ಕ್ಯಾಪ್ಸೂಲ್ ಜೊತೆಗೆ ತಿನ್ನಿ. ಮುಖ್ಯ ಊಟಕ್ಕೆ 40 ಸಾವಿರದಿಂದ 50 ಸಾವಿರ ಯೂನಿಟ್ ಲೈಪೇಸ್, ಕುರುಕಲಿಗೆ ಅರ್ಧ. ಊಟದ ಒಂದು ಗಂಟೆ ಮುಂಚೆಯೋ ಆಮೇಲೆಯೋ ನುಂಗಿದರೆ ದಂಡ, ತುತ್ತಿನ ಜೊತೆಗೇ ಹೋಗಬೇಕು. ಈ ಒಂದು ವಾಕ್ಯ ಹೇಳದ್ದರಿಂದ ಕೆಲಸ ಮಾಡದೆಹೋದ ಕ್ಯಾಪ್ಸೂಲುಗಳಿಗೆ ಲೆಕ್ಕವಿರಲಿಕ್ಕಿಲ್ಲ. ಇನ್ನೊಂದು ವಿಷಯ ನಮ್ಮಲ್ಲಿ ಯಾರೂ ಬಾಯಿಬಿಡುವುದಿಲ್ಲ: ಈ ಕಿಣ್ವ ಬರುವುದು ಹಂದಿಯ ಗ್ರಂಥಿಯಿಂದ. ಸಸ್ಯಾಹಾರಿಗಳಿಗೂ ಮುಸ್ಲಿಮರಿಗೂ ಇದನ್ನು ಮೊದಲೇ ಹೇಳುವುದು ಮರ್ಯಾದೆ. ಎಲ್ಲಿಂದಲೋ ತಿಳಿದು ಸದ್ದಿಲ್ಲದೆ ನಿಲ್ಲಿಸುವುದಕ್ಕಿಂತ, ತಿಳಿದು ಯೋಚಿಸಿ ನಿರ್ಧರಿಸುವುದು ಮೇಲು.

ಕೊಬ್ಬಿನೊಂದಿಗೆ ಎ, ಡಿ, ಇ, ಕೆ ಜೀವಸತ್ವಗಳೂ ಸೋರುತ್ತವೆ. ದೀರ್ಘಕಾಲಿಕ ಕಾಯಿಲೆಯವರಲ್ಲಿ ಮೂರರಲ್ಲಿ ಇಬ್ಬರ ಮೂಳೆ ತೆಳುವಾಗಿರುತ್ತದೆ, ನಾಲ್ಕರಲ್ಲಿ ಒಬ್ಬರದು ಮುರಿಯುವಷ್ಟು. ನಲವತ್ತರ ಗಂಡಸಿಗೆ ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಲು ಯಾರಿಗೂ ಹೊಳೆಯುವುದಿಲ್ಲ.

ಇನ್ನು ಸಕ್ಕರೆ. ದಿಢೀರ್ ಉರಿಯೂತ ಒಂದೇ ಸಲ ಆದವರಲ್ಲೂ ಮುಂದೆ ಶೇ 23ರಷ್ಟು ಮಂದಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತೆಂದು ಹಲವು ಅಧ್ಯಯನಗಳನ್ನು ಕೂಡಿಸಿದ 2014ರ ಲೆಕ್ಕ ಹೇಳುತ್ತದೆ. ಸೌಮ್ಯವಾಗಿ ಬಂದುಹೋಗಿದ್ದರೂ ವಿನಾಯಿತಿಯಿಲ್ಲ. ಹಾಗಾಗಿ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಶುಗರ್ ನೋಡಿಸುವುದು ಅಗತ್ಯ. ಈ ಸಕ್ಕರೆ ಕಾಯಿಲೆ ಟೈಪ್ 2 ಅಲ್ಲ, ಬೇರೆಯೇ ಗುಂಪು. ಇಂಗ್ಲೆಂಡಿನಲ್ಲಿ 2017ರಲ್ಲಿ ನೋಡಿದಾಗ ಇಂಥವರಲ್ಲಿ ಶೇ 88 ಮಂದಿಯ ಹೆಸರಿನ ಮುಂದೆ ಟೈಪ್ 2 ಎಂದೇ ಬರೆದಿತ್ತು. ಐದು ವರ್ಷದೊಳಗೆ ಇನ್ಸುಲಿನ್ ಬೇಕಾದದ್ದು ನಿಜವಾದ ಟೈಪ್ 2ರವರಲ್ಲಿ ಶೇ 4 ಮಂದಿಗೆ, ದಿಢೀರ್ ಉರಿಯೂತದ ಬಳಿಕ ಬಂದವರಲ್ಲಿ ಶೇ 21, ದೀರ್ಘಕಾಲಿಕದವರಲ್ಲಿ ಶೇ 46. ಹೆಸರು ತಪ್ಪಿದರೆ ವರ್ಷಗಟ್ಟಲೆ ಮಾತ್ರೆ ಏರಿಸುತ್ತಲೇ ಇರುತ್ತಾರೆ. ಪ್ಯಾಂಕ್ರಿಯಾಟೈಟಿಸ್ ಆಗಿತ್ತೆಂದು ರೋಗಿ ಹೇಳದಿದ್ದರೆ, ಇಂಥವರಿಗೆ ಕೊಡಲು ವೈದ್ಯರು ಸಾಮಾನ್ಯವಾಗಿ ಹಿಂಜರಿಯುವ ಗುಂಪಿನ ಮದ್ದೂ ಚೀಟಿಗೆ ಬಂದೀತು. ಇಲ್ಲಿ ಇನ್ಸುಲಿನ್ ಜೊತೆ ಗ್ಲುಕಗಾನೂ ಹೋಗಿರುತ್ತದೆ. ಆದ್ದರಿಂದ ಸಕ್ಕರೆ ಕೆಳಗೆ ಬಿದ್ದರೆ ಮೇಲೆತ್ತಲು ಮೈಯೊಳಗೆ ಯಾರೂ ಇಲ್ಲ. ಇನ್ಸುಲಿನ್ ಚುಚ್ಚಿಕೊಂಡು, ಊಟ ಬಿಟ್ಟು, ಮೇಲೆ ಕುಡಿದು ಮಲಗಿದವನು ಬೆಳಿಗ್ಗೆ ಏಳದಿರಲು ಇಷ್ಟು ಸಾಕು.

ಕೊನೆಯ ಭಯ

ರೋಗಿಗಳು ಕೇಳಲು ಹೆದರುವ ಪ್ರಶ್ನೆ ಕ್ಯಾನ್ಸರಿನದು. ಲೋವೆನ್‌ಫೆಲ್ಸ್ ತಂಡದ್ದೇ 1993ರ ಲೆಕ್ಕದಂತೆ ದೀರ್ಘಕಾಲಿಕ ಉರಿಯೂತದವರಲ್ಲಿ ಹತ್ತು ವರ್ಷದೊಳಗೆ ಗ್ರಂಥಿಯ ಕ್ಯಾನ್ಸರ್ ಆಗುವವರು ಶೇ 1.8, ಇಪ್ಪತ್ತು ವರ್ಷದೊಳಗೆ ಶೇ 4. ಉಳಿದ ಜನರಿಗೆ ಹೋಲಿಸಿದರೆ ಇದು ಬಹಳ ಹೆಚ್ಚು. ಆದರೂ ನೂರರಲ್ಲಿ ತೊಂಬತ್ತಾರು ಮಂದಿ ಇಪ್ಪತ್ತು ವರ್ಷ ಅದಿಲ್ಲದೆ ಕಳೆಯುತ್ತಾರೆ ಎಂದೂ ಓದಬಹುದು. ಪಿಆರ್‌ಎಸ್‌ಎಸ್1 ಎಂಬ ಜೀನಿನಿಂದ ಮನೆತನದಲ್ಲಿ ಇಳಿದುಬರುವ, ವಿರಳವಾದ ಬಗೆಯಲ್ಲಿ ಮಾತ್ರ ಎಪ್ಪತ್ತರ ವಯಸ್ಸಿಗೆ ಶೇ 40ರಷ್ಟು ಅಪಾಯ. ಆ ಮನೆತನಗಳಲ್ಲಿ ಧೂಮಪಾನ ಮಾಡುವವರಿಗೆ ಕ್ಯಾನ್ಸರ್ ಸುಮಾರು 20 ವರ್ಷ ಮೊದಲೇ ಬರುತ್ತದೆ. ಅವರನ್ನು ನಲವತ್ತರಿಂದಲೇ ಕಣ್ಣಿಟ್ಟು ನೋಡಬೇಕೆಂಬ ಸಲಹೆಯಿದೆ. ಮಿಕ್ಕವರಿಗೆಲ್ಲ ವರ್ಷವರ್ಷ ಸಿ.ಟಿ. ಸ್ಕ್ಯಾನ್ ಮಾಡಿಸುವುದರಿಂದ ಲಾಭವಿದೆಯೆಂದು ಯಾರೂ ತೋರಿಸಿಲ್ಲ.

ನೋಡಬೇಕಾದದ್ದು ಬದಲಾವಣೆಯನ್ನು. ವರ್ಷಗಳಿಂದ ತಣ್ಣಗಿದ್ದ ನೋವು ಬೇರೆ ಬಗೆಯಲ್ಲಿ ಮರಳಿದರೆ, ಕಿಣ್ವ ಸರಿಯಾಗಿ ತೆಗೆದುಕೊಳ್ಳುತ್ತಿದ್ದರೂ ತೂಕ ಇಳಿದರೆ, ಹಿಡಿತದಲ್ಲಿದ್ದ ಸಕ್ಕರೆ ಕಾರಣವಿಲ್ಲದೆ ಕೈಮೀರಿದರೆ, ಕಣ್ಣು ಹಳದಿಯಾದರೆ ಆಗ ತಡಮಾಡಬಾರದು. ಮೊದಲೇ ನಾರಾಗಿ ಹರಳುಗಟ್ಟಿದ ಗ್ರಂಥಿಯಲ್ಲಿ ಹೊಸ ಗಡ್ಡೆಯನ್ನು ಗುರುತಿಸುವುದು ಅನುಭವಿ ರೇಡಿಯಾಲಜಿಸ್ಟರಿಗೂ ಕಷ್ಟ. ಐದು ವರ್ಷದ ಹಿಂದೆ ಅದೇ ಜಾಗ ಹೇಗಿತ್ತು ಎಂಬುದು ಅವರಿಗೆ ಬೇಕಾಗುತ್ತದೆ. ಹಳೆಯ ಸ್ಕ್ಯಾನಿನ ಸಿ.ಡಿ., ಫಿಲ್ಮು, ವರದಿಗಳನ್ನು ಊರು ಬದಲಿಸಿದಾಗಲೂ ವೈದ್ಯರನ್ನು ಬದಲಿಸಿದಾಗಲೂ ಜೊತೆಗೆ ಒಯ್ಯಬೇಕು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ ಎಂದು ನೆಚ್ಚಿ ಕೂರುವಂತಿಲ್ಲ.